ಎಲ್‌ಕೆಜಿ, ಯುಕೆಜಿ ಮಕ್ಕಳ ಹಬ್ಬ ವೇದಿಕೆಯಿಂದ ಇಳಿದು ತರಗತಿಗೆ ಬರಲಿ

ಶಾಲಾ ಶಿಕ್ಷಣ ಇಲಾಖೆಯ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳಿಗೆ, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೆ, ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಅಂಗನವಾಡಿಗಳ ಬಾಲವಿಕಾಸ ಸಮಿತಿಗಳ ಸದಸ್ಯರಿಗೆ, ಎಲ್ಲ ಪೋಷಕರಿಗೆ ನಮಸ್ಕಾರ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವವರು ನಾವು. ಪ್ರತಿ ಮೇ ಕೊನೆಯಲ್ಲಿ ಶಾಲೆಗಳು ವರ್ಷದ ಆಚರಣೆಗಳ ಪಟ್ಟಿ ಮಾಡುತ್ತವೆ. ಕೆಂಪು ಬಣ್ಣದ ದಿನ, ಹಣ್ಣಿನ ದಿನ, ಸ್ವಾತಂತ್ರ್ಯ ದಿನ, ಕೃಷ್ಣ ವೇಷ, ಗಣೇಶ, ದಸರಾ, ರಾಜ್ಯೋತ್ಸವ, ಮಕ್ಕಳ ದಿನ, ಕ್ರಿಸ್‌ಮಸ್, ಸಂಕ್ರಾಂತಿ, ವಾರ್ಷಿಕೋತ್ಸವ, ಕೊನೆಗೆ ಕಪ್ಪು ಗೌನು ತೊಡಿಸಿ ಗ್ರಾಜುಯೇಶನ್. ಪಟ್ಟಿ ಉದ್ದವಾಯಿತು ಎಂಬುದು ನಮ್ಮ ದೂರಲ್ಲ. ಈ ವಯಸ್ಸಿನ ಮಗುವಿಗೆ ಹಬ್ಬಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆದರೆ ಆ ಹಬ್ಬದ ಕೆಲಸ ಮಕ್ಕಳ ಕೈಯಲ್ಲಿ ಉಳಿದಿಲ್ಲ. ಅಲಂಕಾರ ಅಂಗಡಿಯಿಂದ ಬರುತ್ತದೆ, ವೇಷ ಬಾಡಿಗೆಗೆ ಬರುತ್ತದೆ, ಕುಣಿತವನ್ನು ಹೊರಗಿನ ಮಾಸ್ತರರು ಕಲಿಸುತ್ತಾರೆ. ಮಗುವಿನ ಪಾಲಿಗೆ ಉಳಿಯುವುದು ಕಾಯುವುದು, ನಿಲ್ಲುವುದು, ಫೋಟೊಗೆ ನಗುವುದು. ಆ ಕೆಲಸವನ್ನು ಮಕ್ಕಳಿಗೆ ವಾಪಸ್ ಕೊಡಿ ಎಂದು ಕೇಳಲು ಈ ಪತ್ರ.

ನಿಯಮದ ಬೆಂಬಲವೂ ಈ ಮಾತಿಗಿದೆ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 6 ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡ ಎನ್ನುತ್ತದೆ. ಪರೀಕ್ಷೆ ಈ ಹಂತಕ್ಕೆ ಸಲ್ಲದು ಎಂದೂ ಹೇಳುತ್ತದೆ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಬಳಕೆಗೆ ತಂದ ಜರ್ಮನಿಯ ಫ್ರೋಬೆಲ್ ಅವರ ಶಾಲೆಯಲ್ಲೂ ಹಾಡು, ಜೇಡಿಮಣ್ಣು, ಕಾಗದ ಮಡಚುವುದು ಪಾಠದ ಭಾಗವೇ ಆಗಿದ್ದವು. ನಮ್ಮಲ್ಲಿ ಇವೆಲ್ಲ 'ಆ್ಯಕ್ಟಿವಿಟಿ' ಎಂಬ ಹೆಸರು ಹೊತ್ತು ಶನಿವಾರಕ್ಕೆ ಸರಿದಿವೆ. ವಾರದ ಉಳಿದ ದಿನ ಬರವಣಿಗೆ ಪುಸ್ತಕ.

ಮೊದಲು ತಾಲೀಮಿನ ಲೆಕ್ಕ ನೋಡೋಣ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೇಳುವಂತೆ ಪೂರ್ವ ಪ್ರಾಥಮಿಕದ ದಿನ ಇರಬೇಕಾದದ್ದು 3ರಿಂದ 4 ಗಂಟೆ. ಮೂರೂವರೆ ಗಂಟೆ ಎಂದೇ ಇಟ್ಟುಕೊಳ್ಳಿ. ತಿಂಡಿ, ಕೈತೊಳೆತ, ಶೌಚಕ್ಕೆ 1 ಗಂಟೆ ಹೋದರೆ ಕಲಿಕೆಗೆ ಸಿಗುವುದು ಎರಡೂವರೆ ಗಂಟೆ. ವಾರ್ಷಿಕೋತ್ಸವಕ್ಕೆಂದು ವಾರಕ್ಕೆ 5 ದಿನದಂತೆ 3 ವಾರ, ದಿನಕ್ಕೆ ಒಂದೂವರೆ ಗಂಟೆ ತಾಲೀಮು ನಡೆದರೆ ಇಪ್ಪತ್ತೆರಡೂವರೆ ಗಂಟೆಯಾಯಿತು. ಅಂದರೆ ಪೂರಾ 9 ದಿನದ ಕಲಿಕೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. 25 ಮಕ್ಕಳಲ್ಲಿ ಒಮ್ಮೆಗೆ ಎಂಟು ಮಕ್ಕಳು ಕುಣಿಯುತ್ತಿದ್ದರೆ ಉಳಿದ ಹದಿನೇಳು ಮಂದಿ ಕೈ ಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಗೋಡೆಗೆ ಒರಗಿ ಕೂತಿರುತ್ತಾರೆ. ಹೀಗೆ ಕೂರುವುದನ್ನು ಆ ವಯಸ್ಸಿಗೆ ಕಲಿಸಬೇಕಾಗಿಲ್ಲ.

ಹಾಗಾದರೆ ಹಬ್ಬವೇ ಪಾಠವಾಗುವುದು ಹೇಗೆ? ಒಂದೇ ಹಬ್ಬವನ್ನು ಪೂರ್ತಿ ಬಿಡಿಸಿ ಹೇಳುತ್ತೇವೆ. ಮೈಸೂರು, ಬೆಂಗಳೂರು ಸೀಮೆಯ ಸಂಕ್ರಾಂತಿಯ ಎಳ್ಳುಬೆಲ್ಲ ತೆಗೆದುಕೊಳ್ಳಿ. 25 ಮಕ್ಕಳಿಗೆ ಬಿಳಿ ಎಳ್ಳು 75 ಗ್ರಾಂ, ಬೆಲ್ಲ 150, ಕೊಬ್ಬರಿ 125, ಕಡಲೆಕಾಯಿ ಬೀಜ 150, ಹುರಿಗಡಲೆ 125 ಗ್ರಾಂ ಸಾಕು. ತಲಾ 25 ಗ್ರಾಂ ಬರುತ್ತದೆ. ಇದಕ್ಕಿಂತ ಹೆಚ್ಚು ತಂದರೆ ಮಕ್ಕಳು ಮಾಡಿ ಮುಗಿಸಲಾರರು, ಆಗ ದೊಡ್ಡವರು ಕೈಹಾಕುತ್ತಾರೆ, ಅಲ್ಲಿಗೆ ಪಾಠ ಮುಗಿಯಿತು.

ಹಬ್ಬದ ವಾರದ ಸೋಮವಾರ ಐದೂ ಸಾಮಾನನ್ನು ಐದು ಬಟ್ಟಲಲ್ಲಿಟ್ಟು ಮುಟ್ಟಲು, ಮೂಸಲು ಬಿಡಬೇಕು. ಶಿಕ್ಷಕಿ ಹೆಸರು ಹೇಳಿಕೊಡುವ ಮುಂಚೆ ಮಕ್ಕಳೇ ಹೇಳಲಿ. ತೆಲುಗು ಮನೆಯ ಮಗು ಎಳ್ಳಿಗೆ ನುವ್ವುಲು ಎನ್ನುತ್ತದೆ, ಉರ್ದು ಮನೆಯ ಮಗು ತಿಲ್ ಎನ್ನುತ್ತದೆ. ಎರಡನ್ನೂ ಒಪ್ಪಿಕೊಂಡು, ಎಲ್ಲರೂ ಒಮ್ಮೆ ಹೇಳಿ, ಆಮೇಲೆ ಎಳ್ಳು ಎಂದರೆ ಆ ಕನ್ನಡ ಪದ ಮರೆಯುವುದಿಲ್ಲ. ನುಣುಪು, ಒರಟು, ಅಂಟು, ಗರಿಗರಿ, ಪುಡಿಪುಡಿ ಎಂಬ ಮಾತುಗಳು ಕೈಗೆ ತಾಗಿದಾಗಲೇ ಬಾಯಿಗೆ ಬರುತ್ತವೆ. ಚಿತ್ರ ತೋರಿಸಿ 'ಇದು ಒರಟು' ಎಂದು ಹೇಳಿಕೊಡಲು ಆಗುವುದಿಲ್ಲ.

ಮಂಗಳವಾರ ಬೇರ್ಪಡಿಸುವ ಕೆಲಸ. ತಟ್ಟೆಯಲ್ಲಿ ಎಲ್ಲ ಬೆರೆಸಿ ಕೊಡಿ. ನಾಲ್ಕು ವರ್ಷದವರಿಗೆ ಮೂರು ಬಗೆ ಬೆರೆಸಿದರೆ ಸಾಕು, ಐದು ವರ್ಷದವರಿಗೆ ಐದೂ ಇರಲಿ. ಹುರಿಗಡಲೆ, ಕಡಲೆಬೀಜ, ಬೆಲ್ಲ ಬೆರಳಿಗೆ ಸಿಗುತ್ತವೆ. ಎಳ್ಳು ಸಿಗುವುದಿಲ್ಲ. ಮಕ್ಕಳು ಒಂದೊಂದೇ ಹೆಕ್ಕಲು ಹೋಗಿ ಬೇಸರಪಟ್ಟುಕೊಳ್ಳುವ ಹೊತ್ತಿಗೆ ಒಂದು ಜರಡಿಯನ್ನು ಪಕ್ಕದಲ್ಲಿ ಸುಮ್ಮನೆ ಇಡಿ. ಹೇಳಬೇಡಿ. ಯಾವುದೋ ಒಂದು ಮಗು ಅದಕ್ಕೆ ಸುರಿದು ಅಲ್ಲಾಡಿಸುತ್ತದೆ, ಎಳ್ಳೆಲ್ಲ ಕೆಳಗೆ ಬೀಳುತ್ತದೆ, ಉಳಿದದ್ದು ಮೇಲೆ ನಿಲ್ಲುತ್ತದೆ. ಎಳ್ಳು ಮಾತ್ರ ಯಾಕೆ ಬಿತ್ತು ಎಂಬ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳನ್ನು ತಿದ್ದದೆ ಬರೆದಿಟ್ಟುಕೊಳ್ಳಿ. ತೋರುಬೆರಳು ಹೆಬ್ಬೆರಳು ಸೇರಿಸಿ ಹೆಕ್ಕುವ ಈ ಅರ್ಧ ಗಂಟೆ, ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಒಂದು ಪುಟ ಗೆರೆ ತಿದ್ದಿಸುವುದಕ್ಕಿಂತ ಹೆಚ್ಚು ಬಲ ಕೊಡುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಮೂರು ವರ್ಷದ ಮಕ್ಕಳಿಗೆ ಕಾಳು ಕೊಡಬಾರದು. ಬಾಯಿಗಲ್ಲದಿದ್ದರೆ ಮೂಗಿಗೆ ಹಾಕಿಕೊಳ್ಳುತ್ತಾರೆ. ಅವರಿಗೆ ಸಿಪ್ಪೆ ಬಿಡಿಸದ ಅವರೆಕಾಯಿ, ಕಬ್ಬಿನ ಗಣ್ಣು, ದೊಡ್ಡ ಸಕ್ಕರೆ ಅಚ್ಚು ಬೇರ್ಪಡಿಸಲು ಕೊಟ್ಟರೆ ಆಯಿತು. ದೊಡ್ಡ ಮಕ್ಕಳಿಗೂ ಆರು ಮಂದಿಗೆ ಒಬ್ಬರಂತೆ ದೊಡ್ಡವರು ಪಕ್ಕದಲ್ಲಿ ಕೂತಿರಬೇಕು. 2013ರ ಅದೇ ನೀತಿ 20 ಮಕ್ಕಳಿಗೆ ಒಬ್ಬ ಹಿರಿಯರು ಎನ್ನುತ್ತದೆ. ಕಾಳಿನ ಕೆಲಸಕ್ಕೆ ಅದೂ ಸಾಲದು. ಆ ದಿನ ಅಷ್ಟು ಜನ ಆಗುವಂತೆ ಅಜ್ಜಿಯರನ್ನು ಕರೆಸಿ, ಬರುತ್ತಾರೆ.

ಬುಧವಾರ ಕುಟ್ಟುವುದು. ಐದು ವರ್ಷ ತುಂಬದ ಮಗುವಿಗೆ ಇಡೀ ಕಡಲೆಬೀಜವಾಗಲಿ, ಹುರಿಗಡಲೆಯಾಗಲಿ ತಿನ್ನಲು ಕೊಡಬಾರದು. ಚೆನ್ನಾಗಿ ಅರೆದು ನುಂಗುವ ಅಭ್ಯಾಸ ಅವರಿಗೆ ಇನ್ನೂ ಬಂದಿರುವುದಿಲ್ಲ, ತಿನ್ನುತ್ತಲೇ ನಗುತ್ತಾರೆ, ಓಡುತ್ತಾರೆ. ಕಾಳು ಶ್ವಾಸನಾಳಕ್ಕೆ ಹೋದರೆ ಉಸಿರು ಕಟ್ಟುತ್ತದೆ. ಬೀಜವನ್ನು ಎರಡು ಹೋಳು ಮಾಡಿದರೂ ಅಪಾಯ ತಪ್ಪದು. ತರಿತರಿಯಾಗಿ ಕುಟ್ಟಬೇಕು. ಸಣ್ಣ ಕುಟ್ಟಾಣಿಯಲ್ಲಿ ಒಬ್ಬೊಬ್ಬರಿಗೆ ಹತ್ತು ಪೆಟ್ಟು. ಎಣಿಸುವುದೂ ಆಯಿತು, ಸರದಿ ಕಾಯುವುದೂ ಆಯಿತು. ಕೊಬ್ಬರಿಯನ್ನು ಹೋಳು ಮಾಡದೆ ತುರಿಯಿರಿ. ಅಡಕತ್ತರಿಯಲ್ಲಿ ಬೆಲ್ಲ ಕತ್ತರಿಸುವ ಕೆಲಸ ದೊಡ್ಡವರದು. ಮಕ್ಕಳು ಸುತ್ತ ಕೂತು ನೋಡಲಿ, ಅದೂ ಕಲಿಕೆಯೇ.

ಗುರುವಾರ ಅಳತೆ. ಗೋಡೆಗೆ ಒಂದು ಹಾಳೆ ಅಂಟಿಸಿ, ಎಳ್ಳಿನ ಚಿತ್ರದ ಮುಂದೆ ಒಂದು ಚಮಚ, ಉಳಿದ ನಾಲ್ಕರ ಮುಂದೆ ಎರಡೆರಡು ಚಮಚ ಬರೆಯಿರಿ. ಅಕ್ಷರ ಬಾರದ ಮಗು ಆ ಹಾಳೆಯನ್ನು ಎಡದಿಂದ ಬಲಕ್ಕೆ 'ಓದಿ' ಅಳೆಯುತ್ತದೆ. ಓದುವುದು ಅಂದರೆ ಏನು ಎಂದು ಅದಕ್ಕೆ ಮೊದಲ ಸಲ ತಿಳಿಯುವುದು ಇಂಥ ಹಾಳೆಯ ಮುಂದೆ. ಚಮಚ ತುಂಬಿ ತುಳುಕಿತೋ, ಮಟ್ಟಸವಾಗಿದೆಯೋ ಎಂಬ ಜಗಳ ಬಂದರೆ ಬರಲಿ, ಅಳತೆಯ ಪಾಠ ಅಲ್ಲೇ ಇದೆ. ಬೆರೆಸುವುದು ಮಾತ್ರ ಹಂಚುವ ದಿನ ಬೆಳಿಗ್ಗೆಯೇ ಆಗಬೇಕು. ಅಳೆದದ್ದನ್ನು ಅಲ್ಲಿಯವರೆಗೆ ಬೇರೆಬೇರೆ ಡಬ್ಬಿಯಲ್ಲಿ ಮುಚ್ಚಿಡಿ. ಹಿಂದಿನ ದಿನವೇ ಬೆರೆಸಿಟ್ಟರೆ ಬೆಲ್ಲ ನೀರೊಡೆದು ಮುದ್ದೆಯಾಗುತ್ತದೆ, ಹುರಿಗಡಲೆ ಮೆತ್ತಗಾಗುತ್ತದೆ. ಹುರಿದ ಎಳ್ಳು ಪೂರ್ತಿ ಆರದೆ ಬೆರೆಸಿದರೂ ಹಾಗೆಯೇ. ಕತ್ತರಿಸಿದ ಬೆಲ್ಲವನ್ನು ಒಂದು ದಿನ ಬಿಸಿಲಿಗೆ ಒಣಗಿಸಿದರೆ ಅಂಟುವುದಿಲ್ಲ. ಕೊಬ್ಬರಿ ಹಳತಾಗಿದ್ದರೆ ಕಮಟು ವಾಸನೆ ಎಲ್ಲವನ್ನೂ ಕೆಡಿಸುತ್ತದೆ, ಕೊಳ್ಳುವಾಗಲೇ ಮುರಿದು ಮೂಸಿ ನೋಡಬೇಕು.

ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಕಟ್ಟಬೇಡಿ, ಮುದ್ರಣದ ಶಾಯಿ ತಿನಿಸಿಗೆ ಹತ್ತುತ್ತದೆ. ಬಿಳಿ ಹಾಳೆಯನ್ನು ಮೂರು ಮಡಿಕೆ ಮಾಡಿದರೆ ನಿಲ್ಲುತ್ತದೆ. ಸ್ಟೇಪ್ಲರ್ ಪಿನ್ ಬೇಡವೇ ಬೇಡ. 25 ಮಕ್ಕಳಿಗೆ 25 ಪೊಟ್ಟಣ ಹೊಂದಿಸುವಾಗ ಒಬ್ಬರಿಗೆ ಎರಡು ಬಂದು ಇನ್ನೊಬ್ಬರಿಗೆ ಇಲ್ಲವಾದರೆ ದೊಡ್ಡವರು ಸರಿಮಾಡದೆ ಕಾಯಬೇಕು. ಒಂದಕ್ಕೆ ಒಂದು ಎಂಬ ಲೆಕ್ಕವನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಶುಕ್ರವಾರ ಪಕ್ಕದ ತರಗತಿಗೆ, ಆಯಮ್ಮನಿಗೆ, ಗೇಟಿನಲ್ಲಿ ಕೂರುವ ತಾತನಿಗೆ ಎಳ್ಳುಬೆಲ್ಲ ಕೊಟ್ಟು 'ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ' ಎಂದು ಹೇಳಿ ಬರುವುದು. ತರಗತಿಯಲ್ಲಿ ಬಾಯೇ ಬಿಡದ ಮಗು ಕೈಯಲ್ಲಿ ಕೊಡಲು ಏನಾದರೂ ಇದ್ದಾಗ ಮಾತಾಡುತ್ತದೆ.

ಎಳ್ಳು, ಕಡಲೆಬೀಜ ಎರಡೂ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ. ಒಂದು ವಾರ ಮೊದಲೇ ಚೀಟಿ ಕಳಿಸಿ ಕೇಳಿ. ಒಂದು ಮಗುವಿಗೆ ಒಗ್ಗದಿದ್ದರೂ ಆ ಸಾಮಾನನ್ನು ಇಡೀ ತರಗತಿಯಿಂದ ಬಿಡಿ, ಆ ಮಗುವನ್ನು ಬೇರೆ ಕೂರಿಸಬೇಡಿ. ತುಟಿ ಊದಿಕೊಂಡರೆ, ಮೈಮೇಲೆ ದದ್ದು ಎದ್ದು ಉಸಿರು ಸುಂಯ್‌ಗುಟ್ಟಿದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲ ಕಡೆ ಎಳ್ಳುಬೆಲ್ಲವೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದಲ್ಲಿ ಸಕ್ಕರೆ ಪಾಕ ಹತ್ತಿಸಿದ ಕುಸುರೆಳ್ಳು ಇದೆ. ಕೊಡಗಿನ ಮಕ್ಕಳಿಗೆ ಸುಗ್ಗಿಯ ಹಬ್ಬ ಹುತ್ತರಿ ಇದೆ. ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಕ್ರೈಸ್ತ ಮಕ್ಕಳು ಹೂ ಒಯ್ಯುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಹಿಂದೂ ಮನೆಗಳಲ್ಲೂ ಹೊಸ ಅಕ್ಕಿಯ ಊಟವಿದೆ. ಒಂದು ಹಿಡಿ ತೆನೆ ತರಗತಿಗೆ ತಂದರೆ ಭತ್ತ ಸುಲಿದು ಅಕ್ಕಿ ನೋಡುವುದರಲ್ಲಿ ಎರಡೂ ಮನೆಯ ಹಬ್ಬ ಒಂದೇ ಚಾಪೆಯ ಮೇಲೆ ಬರುತ್ತದೆ. ರಂಜಾನ್, ಕ್ರಿಸ್‌ಮಸ್‌ಗೂ ಇದೇ ದಾರಿ. ಮನೆಯಲ್ಲಿ ಏನು ಮಾಡುತ್ತೀರಿ, ಯಾರಿಗೆ ಕೊಡುತ್ತೀರಿ ಎಂದು ಆ ಮನೆಯ ಮಗುವೇ ಹೇಳಲಿ. ಟೋಪಿ, ಗಡ್ಡ ಅಂಟಿಸಿ ಫೋಟೊ ತೆಗೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಅಕ್ಷರದ ವಿಷಯಕ್ಕೆ ಬರೋಣ, ಪೋಷಕರು ಕೇಳುವ ಮೊದಲ ಪ್ರಶ್ನೆ ಇದೇ. ಹಬ್ಬದ ದಿನ 'ಎಳ್ಳು' ಎಂದು ಹತ್ತು ಸಲ ಬರೆಸುವುದು ತಪ್ಪು. ಅದರಲ್ಲಿ ಒತ್ತಕ್ಷರವೂ ಇದೆ, ಕೊಂಬೂ ಇದೆ. 1995ರಲ್ಲಿ ಎಚ್‌.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕಾ ಪದ್ಧತಿ ನಲಿ-ಕಲಿ ಅಆಇಈ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ದಸರ ಕೂಡ! ಅಂದರೆ ಯುಕೆಜಿಯ ಮಗು ಅಕ್ಟೋಬರ್ ಹೊತ್ತಿಗೆ ಹಬ್ಬದ ಹೆಸರನ್ನೇ ಓದಬಲ್ಲದು. ಬೊಂಬೆ ಕೂರಿಸಿ, ಅರಸನಿಗೆ ಕಾಗದದ ಸರ ಮಾಡಿ ಹಾಕಿ, ಪಕ್ಕದಲ್ಲಿ ಚೀಟಿ ಇಟ್ಟರೆ ಅದನ್ನು ಓದಿಸಲು ಬೆತ್ತ ಬೇಕಾಗುವುದಿಲ್ಲ.

ಬರೆಯುವ ಮುನ್ನ ಕೈ ತಯಾರಾಗಬೇಕಷ್ಟೆ. ಅಂಗಡಿಯ ಪುಸ್ತಕಗಳು ನಿಂತ ಗೆರೆ, ಮಲಗಿದ ಗೆರೆಯಿಂದ ಶುರುಮಾಡುತ್ತವೆ. ಇಂಗ್ಲಿಷಿನ ಎಲ್, ಟಿ, ಎಚ್ ಅಕ್ಷರಗಳಿಗೆ ಅದು ಸರಿ. ಕನ್ನಡದ ಅಕ್ಷರ ದುಂಡಗಿನದು. ಸೊನ್ನೆ, ಅರೆಸೊನ್ನೆ, ಕೊಕ್ಕೆ, ಸುರುಳಿ ಮೊದಲು ಬರಬೇಕು. ರಂಗೋಲಿ ಪುಡಿಯಲ್ಲಿ ಬಳ್ಳಿ ಎಳೆಯುವುದು, ಮರಳಿನ ತಟ್ಟೆಯಲ್ಲಿ ಬೆರಳಾಡಿಸುವುದು, ಜೇಡಿಮಣ್ಣಿನಲ್ಲಿ ಚಕ್ಕುಲಿ ಸುತ್ತುವುದು ಇವೇ ಕನ್ನಡ ಬರವಣಿಗೆಯ ಪೂರ್ವಸಿದ್ಧತೆ. ಹಬ್ಬದಲ್ಲಿ ಇವೆಲ್ಲ ತಾವಾಗಿಯೇ ಒದಗಿ ಬರುತ್ತವೆ.

ಗಣೇಶನ ಹಬ್ಬಕ್ಕೆ ತಲಾ 200 ಗ್ರಾಂ ಜೇಡಿಮಣ್ಣು ಸಾಕು. ಕಲ್ಲು ಆರಿಸಿ, ಹಿಂದಿನ ದಿನ ಕಲಸಿ ಒದ್ದೆ ಬಟ್ಟೆ ಹೊದಿಸಿಡಿ, ಬೆಳಿಗ್ಗೆ ಹದವಾಗಿರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮಕ್ಕಳ ಹತ್ತಿರ ಸುಳಿಯಬಾರದು. ನೀರು ಬೆರೆತು ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಕೈ ಒಳಗೇ ಉಳಿದರೆ ಸುಡುತ್ತದೆ. ಮಗುವಿನ ಗಣೇಶನಿಗೆ ಸೊಂಡಿಲು ಎರಡಿದ್ದರೂ ತಿದ್ದಬೇಡಿ.

ಧ್ವಜಾರೋಹಣದ ದಿನ ರಾಷ್ಟ್ರಗೀತೆಗೆ 52 ಸೆಕೆಂಡ್, ನಾಡಗೀತೆಗೆ ಈಗಿನ ನಿಗದಿಯಂತೆ 2 ನಿಮಿಷ 30 ಸೆಕೆಂಡ್. ನಾಲ್ಕು ವರ್ಷದ ಮಗು ನೆಟ್ಟಗೆ ನಿಲ್ಲಲು ಅಷ್ಟೇ ಸಾಕಷ್ಟಾಯಿತು. ಆಮೇಲೆ ಅವರನ್ನು ನೆರಳಿಗೆ ಕಳಿಸಿ, ಭಾಷಣ ದೊಡ್ಡವರು ಕೇಳಲಿ. ಕಾಗದದ ಬಾವುಟವನ್ನು ಎದೆಗೆ ಗುಂಡುಪಿನ್ನಿನಿಂದ ಚುಚ್ಚುವ ರೂಢಿ ನಿಲ್ಲಬೇಕು. ಪಿನ್ನು ಬಿದ್ದರೆ ಮೊದಲು ಹೋಗುವುದು ಬಾಯಿಗೆ.

ಬಲೂನಿನ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇವೆ. ಒಡೆದ ರಬ್ಬರ್ ಚೂರು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ. ಮೇಲೆ ಹಾರುವ ಗ್ಯಾಸ್ ಬಲೂನಿನಲ್ಲಿ ಹೈಡ್ರೋಜನ್ ತುಂಬಿದ್ದರೆ ಹುಟ್ಟುಹಬ್ಬದ ಮೇಣದ ಬತ್ತಿಯ ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಹುಟ್ಟುಹಬ್ಬಕ್ಕೆ ಬಲೂನೂ ಬೇಡ, ಒಂದು ಮನೆ ಇನ್ನೊಂದು ಮನೆಯನ್ನು ಮೀರಿಸುವ ಕೇಕೂ ಬೇಡ. ನೆಲದ ಮೇಲೆ ಹಳದಿ ಕಾಗದದ ಸೂರ್ಯನನ್ನಿಟ್ಟು, ನಾಲ್ಕು ತುಂಬಿದ ಮಗು ಅದರ ಸುತ್ತ ನಾಲ್ಕು ಸುತ್ತು ಬರಲಿ. ಒಂದೊಂದು ಸುತ್ತಿಗೆ ಆ ವಯಸ್ಸಿನಲ್ಲಿ ಏನು ಕಲಿತಿತು ಎಂದು ಮನೆಯವರು ಬರೆದು ಕಳಿಸಿದ ಒಂದು ಸಾಲನ್ನು ಶಿಕ್ಷಕಿ ಓದಲಿ: ಒಂದಕ್ಕೆ ನಡೆದಳು, ಎರಡಕ್ಕೆ ಮಾತಾಡಿದಳು. ಹತ್ತು ನಿಮಿಷ, ಖರ್ಚಿಲ್ಲ.

ವೇಷದ ದಿನಗಳಿಗೆ ನಮ್ಮದು ಒಂದೇ ಪರೀಕ್ಷೆ. ಮಗು ತಾನೇ ಒಂದು ನಿಮಿಷದಲ್ಲಿ ಬಿಚ್ಚಿ ಶೌಚಕ್ಕೆ ಹೋಗಲಾಗದ ಬಟ್ಟೆಯನ್ನು ಶಾಲೆಗೆ ಹಾಕಿಸಬೇಡಿ. ಕೃಷ್ಣನ ಪಂಚೆಗೆ ಆರು ಪಿನ್ನು ಚುಚ್ಚಿದ ದಿನ ಮಕ್ಕಳು ಉಚ್ಚೆ ತಡೆದುಕೊಂಡು ಕೂರುತ್ತಾರೆ, ನೀರು ಕುಡಿಯುವುದನ್ನೇ ಬಿಡುತ್ತಾರೆ. ನವಿಲುಗರಿಯ ಕಾಗದದ ಕಿರೀಟವನ್ನು ಮಗುವೇ ಕತ್ತರಿಸಿ ಅಂಟಿಸಿದ್ದರೆ ಸಾಕು. ಇನ್ನು ಆರು ವರ್ಷದೊಳಗಿನವರಿಗೆ ಛದ್ಮವೇಷದ ಬಹುಮಾನವೇ ಇರಬಾರದು. ಅಲ್ಲಿ ಗೆಲ್ಲುವುದು ಬಾಡಿಗೆ ಕೊಡಬಲ್ಲ ಮನೆ.

ವಾರ್ಷಿಕೋತ್ಸವಕ್ಕೆ ಬದಲಿ ಇದೆ. ತರಗತಿಯ ಹೊತ್ತಿನಲ್ಲೇ, ತರಗತಿಯಲ್ಲೇ, ಜಮಖಾನದ ಮೇಲೆ ಪೋಷಕರನ್ನು ಕೂರಿಸಿ. 25 ಮಕ್ಕಳನ್ನು ಎರಡು ದಿನಕ್ಕೆ ಹಂಚಿ, ದಿನಕ್ಕೆ 40 ನಿಮಿಷ. ಜೂನ್‌ನಿಂದ ದಿನಾ ಹಾಡುವ ಶಿಶುಗೀತೆಗಳನ್ನೇ ಹಾಡಲಿ, ಒಂದು ಕಥೆಯನ್ನು ಅಭಿನಯಿಸಲಿ. ಆಮೇಲೆ ಅಪ್ಪ ಅಮ್ಮನನ್ನು ಕೈಹಿಡಿದು ಕರೆದೊಯ್ದು ತಾವು ಮಾಡಿದ್ದನ್ನು ತೋರಿಸಲಿ. ತಾಲೀಮು ದಿನಕ್ಕೆ 15 ನಿಮಿಷದಂತೆ ಐದು ದಿನ ಮೀರುವ ಅಗತ್ಯವೇ ಬರುವುದಿಲ್ಲ. ಧ್ವನಿವರ್ಧಕ ಬೇಕೇ ಬೇಕು ಎನ್ನುವವರು ಇಷ್ಟು ನೋಡಿಕೊಳ್ಳಿ: ಒಂದು ತೋಳಿನ ಅಂತರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಆ ಸದ್ದು ಮಕ್ಕಳ ಕಿವಿಗೆ ಹೆಚ್ಚು.

ಗೌನು ಟೋಪಿಯ ಬದಲು ಯುಕೆಜಿ ಮಕ್ಕಳನ್ನು ಮಾರ್ಚ್‌ನಲ್ಲಿ ಎರಡು ಸಲ ಒಂದನೇ ತರಗತಿಗೆ ಕರೆದೊಯ್ಯಿರಿ. ಅಲ್ಲಿನ ಬೆಂಚಿನಲ್ಲಿ ಕೂರಲಿ, ನೀರಿನ ನಲ್ಲಿ, ಶೌಚಾಲಯ ನೋಡಲಿ, ಮುಂದಿನ ಮೇಷ್ಟ್ರು ಅಥವಾ ಟೀಚರ್ ಹೆಸರು ಕೇಳಿಕೊಳ್ಳಲಿ. ಒಂದೊಂದು ಮಗುವಿನ ಬಗ್ಗೆ ಒಂದು ಪುಟ ಅವರಿಗೆ ತಲುಪಲಿ: ಮನೆಮಾತು ಯಾವುದು, ಯಾವ ಹಾಡು ಇಷ್ಟ, ಯಾವಾಗ ಅಳುತ್ತದೆ, ಯಾವ ಅಕ್ಷರ ಗುರುತಿಸುತ್ತದೆ. ಒಂದನೇ ತರಗತಿಯ ಮೊದಲ ಮೂರು ತಿಂಗಳ ಆಟದ ಕಲಿಕೆಗೆ ವಿದ್ಯಾ ಪ್ರವೇಶ ಕಾರ್ಯಕ್ರಮವಿದೆ. ಈ ಪುಟ ಕೈಯಲ್ಲಿದ್ದರೆ ಅದಕ್ಕೆ ಅರ್ಥ ಬರುತ್ತದೆ.

ಅಧಿಕಾರಿಗಳಲ್ಲಿ ನೇರವಾಗಿ ಕೇಳುವುದು ಇಷ್ಟು. ಆಚರಣೆಯ ಸುತ್ತೋಲೆ ಕಳಿಸುವಾಗ ಸಂಜೆಯೊಳಗೆ ಫೋಟೊ ಗ್ರೂಪಿಗೆ ಹಾಕಿ ಎಂಬ ಸಾಲನ್ನು ತೆಗೆದುಬಿಡಿ. ಫೋಟೊ ಬೇಕೆಂದರೆ ಶಿಕ್ಷಕಿ ಫೋಟೊಗೆ ತಕ್ಕ ಹಬ್ಬ ಮಾಡುತ್ತಾಳೆ. ಬದಲಿಗೆ, ಮಕ್ಕಳು ಏನು ಮಾಡಿದರು, ಏನು ಕೇಳಿದರು ಎಂಬ ಅರ್ಧ ಪುಟದ ದಿನಚರಿ ಕೇಳಿ. ಅಂಗನವಾಡಿ ಮೇಲ್ವಿಚಾರಕಿಯರು, ಸಿಆರ್‌ಪಿಗಳು (ಶಾಲೆಗಳ ಸಮೂಹ ಸಂಪನ್ಮೂಲ ವ್ಯಕ್ತಿಗಳು) ಹಬ್ಬದ ದಿನ ಬರುವ ಬದಲು ಎರಡು ದಿನ ಮೊದಲು, ಮಕ್ಕಳು ಕುಟ್ಟುತ್ತಿರುವಾಗ ಬರಲಿ. ಅಂಗನವಾಡಿಯ ಆಚರಣೆಯ ಖರ್ಚು ಕಾರ್ಯಕರ್ತೆಯ ಕೈಯಿಂದ ಹೋಗದಂತೆ ಸಾಮಾನಿಗೆ ಪ್ರತ್ಯೇಕ ಹಣ ಕೊಡಿ. ಮೇಲಿನ ಎಳ್ಳುಬೆಲ್ಲದ ತೂಕ ನೋಡಿದರೆ ಅದು ಎಷ್ಟು ಸಣ್ಣ ಮೊತ್ತ ಎಂದು ತಿಳಿಯುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ವೇದಿಕೆ ಸ್ಪರ್ಧೆ, ವೇಷಕ್ಕೆ ಕಡ್ಡಾಯ ವಸೂಲಿ, ಬಲೂನು ಬೇಡ ಎಂದು ಒಂದು ಪುಟದ ಆದೇಶ ಹೊರಡಿಸಿ. ಶಾಲೆಗಳು ಆಚರಣೆ ಪಟ್ಟಿ ತಯಾರಿಸುವುದು ಮೇ ಕೊನೆಯ ವಾರದಲ್ಲಿ. ಆದೇಶ ಅದಕ್ಕೂ ಮುಂಚೆ ಕೈಸೇರಲಿ.

ಇಂತಿ,
ಪೂರ್ವ ಪ್ರಾಥಮಿಕ ತರಗತಿಗಳ ಶಿಕ್ಷಕಿಯರು